ಕೆಂಪಿನ ಮೇಲೆ ಹಚ್ಚಿದ ಹಸಿರು

“ವಿಭೂತಿಯಾ? ನಮ್ಮನೆ ಮೆಷೀನಿಗಾ? ಯಾರ್ರೀ ಹೇಳಿದ್ದು ನಿಮಗೆ?”

ಭಾನುಮತಿಯವರು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. ಮೊನ್ನೆಯಿಂದ ಬರೀ ತಲೆಯಾಡಿಸುತ್ತಿದ್ದ ಹೆಂಗಸು, ಗಂಡನ ಹೆಣ ನೋಡಿಯೂ ಗಟ್ಟಿಯಾಗಿ ಅಳದಿದ್ದವರು, ಈಗ ಸ್ಟೇಷನ್ನಿನಲ್ಲಿ ನನ್ನ ಟೇಬಲ್ಲಿನ ಮೇಲೆ ಅಂಗೈ ಊರಿ ನಿಂತಿದ್ದರು.

ಹೇಳಿದ್ದು ನಮ್ಮ ಹೆಡ್ ಕಾನ್‌ಸ್ಟೆಬಲ್ ವೆಂಕಟರಮಣಪ್ಪ. ಭಾನುಮತಿಯವರ ಗಂಡ ಶ್ಯಾಮಸುಂದರ, ಮನೆಯ ಹಿಂದಿನ ಶೆಡ್ಡಿನಲ್ಲಿ ತಾವೇ ಕಟ್ಟಿಕೊಂಡಿದ್ದ, ತಗಡು ಒತ್ತುವ ಹೈಡ್ರಾಲಿಕ್ ಪ್ರೆಸ್ಸಿನ ವೆಲ್ಡಿಂಗ್ ಬಿಟ್ಟು, ಜ್ಯಾಕು ಹಾರಿ ಎದೆಗೆ ಬಡಿದು ಸತ್ತಿದ್ದರು. ಆ ಪ್ರೆಸ್ಸಿನ ಫೋಟೋಗಳನ್ನು ವೆಂಕಟರಮಣಪ್ಪ ತನ್ನ ಫೋನಿನಲ್ಲಿ ತೋರಿಸುತ್ತಾ, “ವಿಭೂತಿ ಹಚ್ಚಿ ಪೂಜೆ ಮಾಡಿದ ಮೆಷೀನೇ ಯಜಮಾನ್ರನ್ನ ತಿಂದ್ಕೊಂಡ್ತಲ್ಲಮ್ಮಾ” ಎಂದು ಬಾಯಿ ಹಾಕಿದ್ದ.

“ಆಯುಧಪೂಜೆ ಮುಗಿದು ಇನ್ನೂ ವಾರ ಆಗಿಲ್ಲ ಅಮ್ಮಾ. ಬೊಮ್ಮಸಂದ್ರದಾಗೆ ಯಾವ ಮೆಷೀನ್ ನೋಡಿದ್ರೂ ಮೂರು ಬೆರಳಿನ ಬಿಳಿ, ಅದರ ಮೇಲೊಂದು ಕೆಂಪು. ನಿಮ್ದೂ ಅಂಗೇ ಅಂದ್ಕೊಂಡೆ” ಎಂದ, ಈಗ ಸ್ವಲ್ಪ ಮೆತ್ತಗಾಗಿ.

“ಕುಂಕುಮ ಹಚ್ತೀವಿ, ಹೂವು ಏರಿಸ್ತೀವಿ. ವಿಭೂತಿ ಮುಟ್ಟೋದಿಲ್ಲ ಕಣ್ರೀ. ನಾವು ಮಾಧ್ವರು. ನಮ್ಮತ್ತೆ ಬದುಕಿದ್ದಿದ್ರೆ ಈ ಮಾತಿಗೇ ನಿಮ್ಮನ್ನ ಹೊಸ್ತಿಲು ಹತ್ತಿಸ್ತಿರಲಿಲ್ಲ.”

“ಅಂಗಾದ್ರೆ ಬಸಲಿಂಗ ಹಚ್ಚಿರ್ತಾನೆ ಮೇಡಂ” ಎಂದು ಅವನು ನನ್ನ ಕಡೆ ತಿರುಗಿದ. “ಅವ್ನು ಲಿಂಗಾಯತ್ರೋನು. ವಿಭೂತಿ ಇಲ್ದೆ ನೀರೂ ಕುಡಿಯಲ್ಲ.”

ಬಸಲಿಂಗ, ಆ ಪ್ರೆಸ್ಸಿಗೆ ವೆಲ್ಡಿಂಗ್ ಮಾಡಿದವನು, ಹತ್ತು ಹೆಜ್ಜೆ ಆಚೆ ನಮ್ಮ ಲಾಕಪ್ಪಿನಲ್ಲಿ ಕೂತಿದ್ದ. ನಿರ್ಲಕ್ಷ್ಯದಿಂದ ಸಾವು ಎಂಬ ಕೇಸು. ಜಾಮೀನಿಗೆ ನಿಲ್ಲಲು ಈ ಊರಿನಲ್ಲಿ ಅವನಿಗೆ ಯಾರೂ ಇರಲಿಲ್ಲ. ಸಂಜೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದರೆ ಅಲ್ಲಿಂದ ಸೀದಾ ಜೈಲು. ಆಮೇಲೆ ಅವನು ಹೊರಗೆ ಬಂದರೂ ‘ವೆಲ್ಡಿಂಗ್ ಕೆಡಿಸಿ ಮುದುಕನನ್ನು ಕೊಂದವನು’ ಎಂಬ ಹೆಸರಿನ ಜೊತೆ ಯಾವ ಶೆಡ್ಡಿನವನೂ ಅವನ ಕೈಗೆ ವೆಲ್ಡಿಂಗ್ ರಾಡ್ ಕೊಡುವುದಿಲ್ಲ. ಅವನ ಹೆಂಡತಿ ಶೇಖವ್ವ ಬೆಳಗಿನಿಂದ ಜಗುಲಿಯ ಬೆಂಚಿನಲ್ಲಿ ಸೆರಗು ಬಾಯಿಗೊತ್ತಿಕೊಂಡು ಕೂತಿದ್ದಳು. ನಾನು ಹೋಗುವಾಗ ಬರುವಾಗ ಎದ್ದು ನಿಲ್ಲುತ್ತಿದ್ದಳು. ಹಾಗೆ ಎದ್ದು ನಿಲ್ಲುವವರನ್ನು ಕಂಡರೆ ನನಗೆ ಆಗುವುದಿಲ್ಲ, ನನ್ನ ಮೇಲೇ ಸಿಟ್ಟು ಬರುತ್ತದೆ.

“ಗಾಡಿ ತೆಗಿರಿ” ಎಂದೆ. “ಆ ಬಿಳಿ ಏನು ಅಂತ ಕಣ್ಣಾರೆ ನೋಡೋಣ.”

“ಮೇಡಂ, ಇನ್‌ಸ್ಪೆಕ್ಟರ್ ಸಾಹೇಬ್ರು ಇದನ್ನ ಬೇಗ ಮುಗಿಸಿ ಅಂದಿದ್ರು.”

“ಮುಗಿಸೋಕೇ ಹೋಗ್ತಾ ಇರೋದು. ನಡೀರಿ!”

ಹೆಬ್ಬಗೋಡಿಯ ಒಳರಸ್ತೆಯಲ್ಲಿ ಮೂರು ಅಂತಸ್ತಿನ ಬಾಡಿಗೆ ವಠಾರಗಳ ನಡುವೆ ಒಂದೇ ಅಂತಸ್ತಿನ ಮನೆ ಅವರದು. ಶ್ಯಾಮಸುಂದರ ಸರ್ಕಾರಿ ವಿಮಾನ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಕಟ್ಟಿಸಿದ್ದು. ಮೋಡ ಕವಿದು ಮಧ್ಯಾಹ್ನವೇ ಸಂಜೆಯಂತಿತ್ತು. ಶೆಡ್ಡಿನೊಳಗೆ ಲೈಟು ಹಾಕಿದ ಮೇಲೂ ಮೂಲೆಗಳು ಕಾಣುತ್ತಿರಲಿಲ್ಲ.

ಪ್ರೆಸ್ಸು ನನಗಿಂತ ಎತ್ತರವಿತ್ತು. ದಪ್ಪ ಕಬ್ಬಿಣದ ಎರಡು ಕಂಬ, ಕೆಳಗೊಂದು ಅಡ್ಡತೊಲೆ, ಮೇಲೊಂದು. ಅವುಗಳ ನಡುವೆ ಲಾರಿ ಎತ್ತುವಂಥ ಜ್ಯಾಕು, ಜ್ಯಾಕಿನ ಕೆಳಗೆ ರಬ್ಬರ್ ತುಂಬಿದ ಕಬ್ಬಿಣದ ಪೆಟ್ಟಿಗೆ, ಎರಡೂ ಇರಬೇಕಾದ ಜಾಗ ಈಗ ಖಾಲಿ. ಮೇಲಿನ ತೊಲೆ ಒಂದು ಕಡೆ ಕಿತ್ತು ಓರೆಯಾಗಿ ನಿಂತಿತ್ತು. ನೆಲದ ಮೇಲೆ ರಕ್ತ ತೊಳೆದ ಕಲೆ ಇನ್ನೂ ಕಾಣುತ್ತಿತ್ತು.

“ಮರದ ಅಚ್ಚಿನ ಮೇಲೆ ಅಲ್ಯೂಮಿನಿಯಂ ತಗಡು ಇಡೋದು” ಎಂದರು ಭಾನುಮತಿ, ನಾನು ಕೇಳದೆಯೇ. “ಜ್ಯಾಕಿನ ಹಿಡಿ ಮೇಲೆ ಕೆಳಗೆ ಹೊಡೆದ್ರೆ ರಬ್ಬರು ಮೇಲಿಂದ ಕೂತು ತಗಡನ್ನ ಅಚ್ಚಿನ ಅಂಚಿಗೆ ಒತ್ತಿ ಬಗ್ಗಿಸತ್ತೆ. ಸಣ್ಣ ವಿಮಾನದ ರೆಕ್ಕೆ ಒಳಗೆ ಪಕ್ಕೆಲುಬಿನ ಹಾಗೆ ಇರತ್ತಲ್ಲ, ಆ ರಿಬ್ಬು.”

“ರಿಟೈರಾದ ಮೇಲೂ ವಿಮಾನ ಯಾಕೆ ಬೇಕಿತ್ತಮ್ಮ ಅವರಿಗೆ?”

ಅವರು ಗೋಡೆಯ ಕಡೆ ನೋಡಿದರು. ಅಲ್ಲಿ ಒಬ್ಬ ಹುಡುಗನ ಫೋಟೋ. ತರಬೇತಿಯ ಸಮವಸ್ತ್ರ, ಬಿಸಿಲಿಗೆ ಕಿರಿದಾದ ಕಣ್ಣು.

“ನಮ್ಮ ಗುರುರಾಜ್. ಇಬ್ಬರು ಕೂರೋ ವಿಮಾನ ಹಾರಿಸ್ತಿದ್ದ. ರೆಕ್ಕೆ ಮುರಿದು ಬಿತ್ತು. ಪೈಲಟ್ ತಪ್ಪು ಅಂತ ಷರಾ ಬರೆದ್ರು.” ಅವರ ದನಿ ಏರಲಿಲ್ಲ. “ಅದರ ರಿಬ್ಬು ಮಾಡಿಕೊಟ್ಟಿದ್ದು ವಾದಿರಾಜನ ಯೂನಿಟ್ಟು. ಇವರ ಕೈಕೆಳಗೆ ಕೆಲಸ ಕಲಿತೋನು, ಮನೆ ಹುಡುಗನ ಹಾಗಿದ್ದ. ‘ಅದೇ ರಿಬ್ಬು ನಾನೇ ಮಾಡಿ, ಮುರಿದು ನೋಡ್ತೀನಿ ಭಾನು, ನನ್ನ ಮಗ ತಪ್ಪು ಮಾಡಿದ್ನೋ ತಗಡು ತಪ್ಪು ಮಾಡ್ತೋ ಗೊತ್ತಾಗ್ಬೇಕು’ ಅಂತ ಇದನ್ನ ಕಟ್ಟಿದ್ರು.”

“ಗೊತ್ತಾಯ್ತಾ?”

“ತಗಡಿಗೆ ಬಟ್ಟೆ ಸೋಪು ಗೀಚಿ, ಸೋಪು ಕಪ್ಪಾಗೋ ತನಕ ಕಾಯಿಸಿ, ಆಮೇಲೆ ಬಗ್ಗಿಸ್ಬೇಕಂತೆ. ಕಾಯಿಸದೆ ಒತ್ತಿದ್ರೆ ಮಡಿಚಿದ ಅಂಚಲ್ಲಿ ಕೂದಲೆಳೆ ಬಿರುಕು ಬೀಳತ್ತಂತೆ. ಟೈಮ್ ಉಳಿಸೋಕೆ ವಾದಿರಾಜ ಕಾಯಿಸೋದೇ ಬಿಟ್ಟಿದ್ದ ಅಂತ ಇವರಿಗೆ ಅನುಮಾನ. ಪ್ರೆಸ್ಸು ಓಡೋ ಮೊದಲೇ, ಮುರಿದ ರಿಬ್ಬಿನ ಚೂರು ನೋಡಿ ಅದು ಗಟ್ಟಿಯಾದ ದಿನ ಊಟ ಬಿಟ್ರು.”

ಮಗನನ್ನು ಕಳೆದುಕೊಂಡು, ಅದಕ್ಕೆ ಕಾರಣ ಹುಡುಕಲು ಹೋಗಿ ತಾನೂ ಹೋದ ಮನುಷ್ಯ. ಈ ಹೆಂಗಸಿಗೆ ಉಳಿದದ್ದೇನು?

ಏಣಿ ಹಾಕಿಸಿ ಹತ್ತಿದೆ. ಕಂಬ, ತೊಲೆ ಸೇರುವ ನಾಲ್ಕು ಮೂಲೆಯಲ್ಲೂ ಬಿಳಿ ಬಳಿದಿತ್ತು. ಉಗುರಿನಲ್ಲಿ ಕೆರೆದು ಮೂಸಿ ನೋಡಿದೆ. ವಿಭೂತಿಗೆ ಸೀಮೆಎಣ್ಣೆಯ ವಾಸನೆ ಎಲ್ಲಿಂದ ಬರಬೇಕು?

“ಇದು ಸುಣ್ಣ ಅಲ್ವೇನಮ್ಮಾ?”

ಕೆಳಗಿನಿಂದ ಭಾನುಮತಿಯವರು “ಅಯ್ಯೋ ರಾಮ” ಎಂದು ಹಣೆ ಚಚ್ಚಿಕೊಂಡರು. “ಹಬ್ಬದ ಮಾರನೇ ದಿನ ನನ್ನ ಎಲೆಅಡಿಕೆ ಸುಣ್ಣನ ಡಬ್ಬಿ ಸಮೇತ ಎತ್ಕೊಂಡು ಹೋದ್ರು. ನಾನು ಬೈದೆ ಕೂಡ. ವೆಲ್ಡಿಂಗ್ ಪರೀಕ್ಷೆಗೆ. ಒಂದು ಕಡೆ ಸುಣ್ಣ ಬಳಿದು ಒಣಗಿಸಿ, ಇನ್ನೊಂದು ಕಡೆಯಿಂದ ಸೀಮೆಎಣ್ಣೆ ಹಚ್ಚೋದು. ಬಿರುಕಿದ್ರೆ ಎಣ್ಣೆ ನುಸುಳಿ ಬಂದು ಸುಣ್ಣದ ಮೇಲೆ ಗೆರೆ ಕೊಡತ್ತೆ.”

“ಪರೀಕ್ಷೆ ಮಾಡೋದು ಬಸಲಿಂಗನಾ?”

“ಛೆ, ಛೆ. ವೆಲ್ಡಿಂಗ್ ಮಾಡಿದೋನು ಅದನ್ನ ಪರೀಕ್ಷೆ ಮಾಡಬಾರದು. ಕಾರ್ಖಾನೆ ನಿಯಮ, ಮನೇಲೂ ಬಿಡಲಿಲ್ಲ. ಇವರೇ ಮಾಡಿ ಬಣ್ಣದ ಬೊಟ್ಟು ಇಡೋರು. ಪಾಸಾದ್ರೆ ಹಸಿರು. ಫೇಲಾದ್ರೆ ಕೆಂಪು. ಕೆಂಪು ಬಿದ್ದ ವಸ್ತುನ ಯಾರೂ ಮುಟ್ಟೋ ಹಾಗಿಲ್ಲ.”

ನಾಲ್ಕು ಮೂಲೆಯಲ್ಲೂ ಹಸಿರು ಬೊಟ್ಟು ಇತ್ತು. ಕಿತ್ತುಹೋದ ಮೂಲೆಯಲ್ಲೂ ಇತ್ತು. ಆದರೆ ಅದರ ಅಂಚಿನಲ್ಲಿ ತೆಳುವಾಗಿ ಕೆಂಪು ಇಣುಕುತ್ತಿತ್ತು. ವೆಂಕಟರಮಣಪ್ಪ ಕುಂಕುಮ ಅಂದುಕೊಂಡದ್ದು ಅದನ್ನೇ!

ಚಾಕುವಿನ ತುದಿಯಲ್ಲಿ ಹಸಿರನ್ನು ಕೆರೆದೆ. ಸಿಪ್ಪೆಯಂತೆ ಎದ್ದು ಬಂತು. ಕೆಳಗೆ ದುಂಡಗೆ, ಒಣಗಿದ ಕೆಂಪು ಬೊಟ್ಟು. ಅದರ ಕೆಳಗೆ ಸುಣ್ಣ, ಸುಣ್ಣದ ಮೇಲೆ ಕಂದು ಗೆರೆ. ಮುರಿದ ಲೋಹದ ಒಳಮೈಯಲ್ಲೂ ಕೆಂಪು ಬಣ್ಣ ಇಳಿದಿತ್ತು. ಅಂದರೆ ಬಣ್ಣ ಬೀಳುವ ಮೊದಲೇ ಬಿರುಕಿತ್ತು.

ಶ್ಯಾಮಸುಂದರರಿಗೆ ಬಿರುಕು ಗೊತ್ತಿತ್ತು, ಕೆಂಪು ಇಟ್ಟಿದ್ದರು. ವೆಲ್ಡಿಂಗ್ ಕೆಟ್ಟಿದ್ದಕ್ಕೆ ಅವರು ಸಾಯಲಿಲ್ಲ. ಕೆಟ್ಟ ವೆಲ್ಡಿಂಗನ್ನು ಒಳ್ಳೆಯದೆಂದು ಯಾರೋ ತೋರಿಸಿದ್ದಕ್ಕೆ ಸತ್ತರು. ಹಸಿರು ಹಚ್ಚಿದವನ ಕೈ ಸಿಕ್ಕರೆ ಬಸಲಿಂಗ ಇವತ್ತೇ ಮನೆಗೆ ಹೋಗಬಹುದು.

“ಈ ಕೆಂಪು ಹಸಿರಿನ ಲೆಕ್ಕ ಇನ್ಯಾರಿಗೆ ಗೊತ್ತಮ್ಮಾ?”

“ಇನ್ಯಾರಿಗೆ? ಬಸಲಿಂಗನಿಗೆ ಇವರೇ ಹೇಳಿಕೊಟ್ಟಿದ್ರು.” ಅವರ ಕಣ್ಣು ಮತ್ತೆ ಮಗನ ಫೋಟೋದ ಕಡೆ ಹೋಯಿತು. “ವಾದಿರಾಜನಿಗೆ ಗೊತ್ತು. ಕಾರ್ಖಾನೇಲಿದ್ದಾಗ ಅವನ ಕೆಲಸವೇ ಅದು.”

ವಾದಿರಾಜರ ಯೂನಿಟ್ಟು ಬೊಮ್ಮಸಂದ್ರದ ನಾಲ್ಕನೇ ಅಡ್ಡರಸ್ತೆಯಲ್ಲಿತ್ತು. ಗೇಟಿನ ಮುಂದೆ ಒಡೆದ ಬೂದುಗುಂಬಳ ಕೊಳೆತು ನೊಣ ಮುತ್ತಿತ್ತು. ಒಳಗೆ ಮೆಷೀನುಗಳ ಮೇಲೆ ಒಣಗಿದ ಚೆಂಡುಹೂವಿನ ಹಾರ. ಯಾವುದೂ ಓಡುತ್ತಿರಲಿಲ್ಲ.

ಆಸಾಮಿ ಐವತ್ತು ದಾಟಿದವರು. ಇಸ್ತ್ರಿ ಮಾಡಿದ ಅಂಗಿ, ಹಣೆಯ ಎರಡೂ ಬದಿಗೆ ಗೋಪಿಚಂದನದ ಮುದ್ರೆ. “ಬನ್ನಿ ಮೇಡಂ, ಕೂತ್ಕೊಳ್ಳಿ. ಕಾಫಿ?”

“ಬೇಡ. ಶ್ಯಾಮಸುಂದರರ ಶೆಡ್ಡಿಗೆ ಕೊನೇ ಸಲ ಯಾವಾಗ ಹೋಗಿದ್ರಿ?”

“ದಸರಾಗೆ ಮುಂಚೆ. ಶಾಮಣ್ಣ ನನಗೆ ಗುರು ಇದ್ದ ಹಾಗೆ. ಆದ್ರೆ ಗುರುರಾಜ್ ಹೋದ ಮೇಲೆ ತಲೆ ಸ್ವಲ್ಪ...” ಎಂದು ಬೆರಳು ತಿರುಗಿಸಿದರು. ಆ ಬೆರಳು ಕಂಡು ನನಗೆ ಮೈ ಉರಿಯಿತು.

ಫೋನಿನ ಫೋಟೋ ಮುಂದೆ ಹಿಡಿದೆ. “ಇದೇನು ಬಿಳಿ?”

ಅವರು ನೋಡಿದರು. ನೋಡಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದರು.

“ವಿಭೂತಿ ಇರ್ಬೇಕು ಮೇಡಂ. ಆಯುಧಪೂಜೆ ಅಲ್ವಾ?”

“ನಿಮ್ಮ ಮೆಷೀನುಗಳಿಗೂ ಹಚ್ಚಿದೀರಾ?”

ಅವರ ಕೈ ತಾನಾಗಿಯೇ ಹಣೆಯ ಮುದ್ರೆಗೆ ಹೋಯಿತು. “ಇಲ್ಲ, ನಮ್ಮಲ್ಲಿ... ಅದು ಆ ವೆಲ್ಡರ್ ಹುಡುಗ ಹಚ್ಚಿರಬಹುದು.”

“ವಾದಿರಾಜ್ ಅವ್ರೇ, ನಮ್ಮ ಹೆಡ್ ಕಾನ್‌ಸ್ಟೆಬಲ್ ಸುಣ್ಣನ ವಿಭೂತಿ ಅಂದ್ರೆ ನಾನು ನಗ್ತೀನಿ, ಅಷ್ಟೇ. ನೀವು ವಿಮಾನ ಕಾರ್ಖಾನೇಲಿ ಇನ್‌ಸ್ಪೆಕ್ಷನ್‌ನಲ್ಲಿದ್ದೋರು. ಸುಣ್ಣ ಹಚ್ಚಿ ಸೀಮೆಎಣ್ಣೆ ಬಿಟ್ಟು ಬಿರುಕು ಹುಡುಕಿದೋರು. ನಿಮಗೆ ಇದು ವಿಭೂತಿ ಥರ ಕಾಣ್ತಾ?”

ಅವರು ಫೋಟೋದಿಂದ ಕಣ್ಣು ತೆಗೆದು ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದರು.

“ಅವರು ಸತ್ತ ದಿನ ಶೆಡ್ಡಿಗೆ ಹೋಗಿದ್ರಿ ಅಲ್ವಾ?”

“ಹೋಗಿದ್ದೆ.” ಕೂತಲ್ಲೇ ಕುಸಿದರು. “ಶಾಮಣ್ಣನೇ ಕರೆದ. ‘ಹಳೇದೆಲ್ಲ ಬಿಟ್ಟುಬಿಡೋಣ ಕಣೋ, ಹೊಸ ಪ್ರೆಸ್ಸಲ್ಲಿ ಮೊದಲನೇ ರಿಬ್ಬು ನಿನ್ನ ಕೈಯಿಂದಲೇ ಒತ್ತು’ ಅಂದ. ಹೋದೆ. ಹಸಿರು ಬೊಟ್ಟು ನೋಡಿದೆ. ಶಾಮಣ್ಣನ ಹಸಿರು ಅಂದ್ರೆ ಮೇಡಂ, ನಾವು ಕಣ್ಣುಮುಚ್ಚಿ ನಂಬ್ತಿದ್ವಿ. ಜ್ಯಾಕಿಗೆ ಕೈ ಹಾಕೋ ಹೊತ್ತಿಗೆ ಫೋನ್ ಬಂತು. ‘ನೀನೇ ಶುರು ಮಾಡು ಶಾಮಣ್ಣ, ಬಂದೆ’ ಅಂತ ಹೊರಗೆ ಹೋದೆ. ಸದ್ದು ಕೇಳಿಸ್ತು. ಒಳಗೆ ಬಂದು ನೋಡಿದ್ರೆ...”

“ನೋಡಿ ಓಡಿಹೋದ್ರಿ.”

“ಹೆದರಿಕೆ ಆಯ್ತು ಮೇಡಂ. ಗುರುರಾಜ್ ವಿಷಯಕ್ಕೆ ನಮಗೆ ಮಾತಿರಲಿಲ್ಲ. ನಾನೇ ಕೊಂದೆ ಅಂತಾರೆ ಅಂತ.” ಮುಖ ಮುಚ್ಚಿಕೊಂಡು ಅತ್ತರು. “ನಂಬಿ, ಹಸಿರು ನಾನು ಹಚ್ಚಿಲ್ಲ. ಬಣ್ಣದ ಡಬ್ಬಿ ಎಲ್ಲಿಡ್ತಾನೆ ಅಂತಲೂ ಗೊತ್ತಿಲ್ಲ ನನಗೆ.”

ಆ ಅಳು ನಾಟಕದ್ದೆನಿಸಲಿಲ್ಲ. ಹೇಳಿಕೆ ಬರೆಸಿಕೊಂಡು, ಸಹಿ ಹಾಕಿಸಿ, ಊರು ಬಿಟ್ಟು ಹೋಗಬೇಡಿ ಎಂದು ಹೇಳಿ ಎದ್ದೆ. ಈ ಮನುಷ್ಯನನ್ನು ಕಂಡರೆ ನನಗೆ ಅಸಹ್ಯವಾಗಿತ್ತು. ಆದರೆ ಅಸಹ್ಯಕ್ಕೆ ಅರೆಸ್ಟ್ ವಾರಂಟ್ ಸಿಗುವುದಿಲ್ಲವಲ್ಲ.

ಜೀಪಿನಲ್ಲಿ ಒಂದೇ ಯೋಚನೆ. ಹಸಿರು ವಾದಿರಾಜರದಲ್ಲ. ಭಾನುಮತಿಯವರದಾಗಿದ್ದರೆ ಸುಣ್ಣದ ವಿಷಯವನ್ನು ಅವರಾಗಿ ನನಗೆ ಹೇಳುತ್ತಿರಲಿಲ್ಲ. ಉಳಿದವನು ಒಬ್ಬನೇ. ಯಾರನ್ನು ಬಿಡಿಸಲು ಹೊರಟೆನೋ ಅವನು.

ಸ್ಟೇಷನ್ನಿಗೆ ಬಂದಾಗ ಶೇಖವ್ವ ಮತ್ತೆ ಎದ್ದು ನಿಂತಳು. “ಮೇಡಂ, ಕರ್ಕೊಂಡು ಹೋಗೂ ಗಾಡಿ ಬಂದೈತ್ರಿ. ಇನ್ನಾ ಏನರೆ ಆಗ್ತದೇನ್ರಿ?”

“ಕೂತ್ಕೋಮ್ಮ” ಎಂದೆ. ದನಿ ಗಡುಸಾಯಿತು. ಅವಳು ಕೂರಲಿಲ್ಲ.

ಬಸಲಿಂಗ ಲಾಕಪ್ಪಿನ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಯಾದಗಿರಿ ಕಡೆಯವನು, ಮೂವತ್ತರ ಆಸುಪಾಸು. ಮುಂಗೈ ತುಂಬ ಕಿಡಿ ಹಾರಿದ ಕಲೆಗಳು. ನಾನು ಒಳಗೆ ಹೋಗಿ ಅವನ ಎದುರಿಗೇ ಕುಕ್ಕರಗಾಲಲ್ಲಿ ಕೂತೆ.

“ಬಸಲಿಂಗ, ಕೆಂಪು ಬೊಟ್ಟಿನ ಮೇಲೆ ಹಸಿರು ಹಚ್ಚಿದ್ದು ಯಾರು?”

ಅವನ ಮುಖದಲ್ಲಿದ್ದ ಬಣ್ಣವೆಲ್ಲ ಇಳಿಯಿತು. ಆಮೇಲೆ ತಲೆ ತಗ್ಗಿಸಿದ.

“ನಾನs ಹಚ್ಚೀನ್ರಿ.”

“ಮುಟ್ಠಾಳ! ನಿನ್ನ ಹೆಂಡ್ತಿ ಅಲ್ಲಿ ಬೆಳಗಿಂದ ನೀರು ಕುಡಿದಿಲ್ಲ. ನಿನ್ನನ್ನ ಬಿಡಿಸೋಕೆ ಅಂತ ನಾನು ಊರೆಲ್ಲ ಅಲೀತಾ ಇದೀನಿ. ಯಾಕೆ ಹಚ್ಚಿದೆ?”

“ಯಜಮಾನ್ರs ಹಚ್ಚು ಅಂದ್ರು.”

“ಯಾವ ಯಜಮಾನ್ರು?”

“ಸತ್ತಾರಲ್ರಿ, ಅವರು. ಶ್ಯಾಮಸುಂದರ ಯಜಮಾನ್ರು.” ಅವನ ಕಣ್ಣು ತುಂಬಿತು. “ಕೆಂಪ ಬಿದ್ದೈತಿ, ಬಿಚ್ಚಿ ಮತ್ತ ವೆಲ್ಡಿಂಗ್ ಹೊಡೀತೀನ್ರಿ ಅಂದೆ. ಬ್ಯಾಡ, ಇದs ಬೇಕು ಅಂದ್ರು. ನನ್ನ ಕೈ ನಡಗತದ, ನೀನs ಹಸರ ಹಚ್ಚು ಅಂದ್ರು. ‘ನಾಳೆ ಇದರ ಮುಂದ ನಿಂತು ಜ್ಯಾಕ್ ಹೊಡಿಯಾಂವ ನಾನಲ್ಲ ಬಸಲಿಂಗ, ವಾದಿರಾಜ. ನನ್ನ ಮಗಗ ಅಂವ ಏನ ಕೊಟ್ಟಾನ, ಅದನ್ನs ಅವಗ ಕೊಡ್ತೀನಿ’ ಅಂತ ಮಗನ ಫೋಟೋ ಹಿಡ್ಕೊಂಡು ಅತ್ತರ್ರಿ.”

ಹಿಂದೆ ನಿಂತಿದ್ದ ವೆಂಕಟರಮಣಪ್ಪ “ಶಿವ ಶಿವಾ” ಎಂದ. ಇಷ್ಟು ಹೊತ್ತು ಕೊಂದವನನ್ನು ಹುಡುಕುತ್ತಿದ್ದೆ. ಕೊಲ್ಲಲು ಹೊರಟವರ ಹೆಣಕ್ಕೇ ನಾನು ಮಹಜರು ಮಾಡಿಸಿದ್ದೆ.

“ಇದನ್ನ ಮೊದಲೇ ಯಾಕೆ ಹೇಳಲಿಲ್ಲ?”

“ಹೆಂಗ ಹೇಳ್ಲಿರಿ? ನಂಗ ಕೆಲಸ ಕಲಿಸಿದವ್ರು. ಉಂಡೀಯೇನೋ ಅಂತ ಕೇಳದ ಕೆಲಸಕ್ಕ ಹಚ್ಚಿದವ್ರಲ್ಲ. ಸತ್ತವ್ರ ಹೆಸರ ಮ್ಯಾಲ ಕೊಲಿಗಾರ ಅಂತ ಬರೀತಾರ, ಅಮ್ಮಾರು ಅದನ್ನ ಕೇಳಬೇಕಾಗ್ತದ.”

“ಹಸಿರು ಹಚ್ಚಿ ಸುಮ್ಮನೆ ಮನೆಗೆ ಹೋಗಿ ಮಲಗಿದ್ಯಾ?”

“ಇಲ್ರಿ!” ಮೊದಲ ಸಲ ತಲೆ ಎತ್ತಿದ. “ನಿದ್ದಿ ಎಲ್ಲಿ ಬರ್ತದ್ರಿ? ಅವತ್ತ ರಾತ್ರಿನs ವಾದಿರಾಜ ಸಾಹೇಬ್ರಿಗೆ ಫೋನ್ ಹಚ್ಚಿದೆ. ಸಾಹೇಬ್ರ, ಎಡಗಡಿ ಮೂಲಿ ಬಿರಕ ಬಿಟ್ಟೈತಿ, ಹಸರ ನಂಬಿ ಜ್ಯಾಕ್ ಮುಟ್ಟಬ್ಯಾಡ್ರಿ ಅಂತ ಹೇಳೀನಿ.”

‘ನೀನೇ ಶುರು ಮಾಡು ಶಾಮಣ್ಣ, ಬಂದೆ.’ ಇಸ್ತ್ರಿ ಅಂಗಿಯ ಆ ಮನುಷ್ಯ ನನ್ನ ಮುಂದೆ ಅಳುತ್ತಾ ಹೇಳಿದ ಮಾತು. ನಾನು ಅದನ್ನು ಬರೆಸಿಕೊಂಡು ಬಂದಿದ್ದೆ!

“ಅವರು ಏನಂದ್ರು?”

“ಏನೂ ಅನ್ಲಿಲ್ರಿ. ಆಮ್ಯಾಲ, ‘ನೀ ನನಗ ಹೇಳೀ ಅಂತ ಶಾಮಣ್ಣಗ ಹೇಳಬ್ಯಾಡ’ ಅಂದ್ರು. ಉಳದ್ರಲ್ಲ, ಹೋಗಂಗಿಲ್ಲ ಇನ್ನ, ಅಂದ್ಕೊಂಡೆ.”

ಹೋದರು. ಎಲ್ಲ ಗೊತ್ತಿದ್ದೂ ಹೋದರು. ಮುದುಕನನ್ನು ಜ್ಯಾಕಿನ ಮುಂದೆ ನಿಲ್ಲಿಸಿ ಹೊರಗೆ ಬಂದರು. ಬಿರುಕು ಗೊತ್ತಿದ್ದೂ ಶ್ಯಾಮಸುಂದರ ಜ್ಯಾಕು ಯಾಕೆ ಹೊಡೆದರು? ಒಂದೆರಡು ಸಲ ಹೊಡೆದರೆ ತಾಳುತ್ತದೆ ಎಂದುಕೊಂಡರೋ, ಕೊನೇ ಗಳಿಗೆಯಲ್ಲಿ ಬದುಕೇ ಬೇಡವೆನಿಸಿತೋ ನನಗೆ ಗೊತ್ತಿಲ್ಲ.

“ವೆಂಕಟರಮಣಪ್ಪ, ಪೇಪರ್ ತನ್ನಿ” ಎಂದೆ. “ಬಸಲಿಂಗ, ಈಗ ಹೇಳಿದ್ದನ್ನ ಅಕ್ಷರಶಃ ಹೇಳು. ನಿನ್ನ ಈ ಮಾತು ಬಿಟ್ರೆ ವಾದಿರಾಜನನ್ನ ಹಿಡಿಯೋಕೆ ಬೇರೆ ಏನೂ ಇಲ್ಲ. ಫೋನ್ ಮಾಡಿದ್ದು ಗೊತ್ತಾಗತ್ತೆ, ಏನು ಮಾತಾಡಿದ್ರಿ ಅಂತ ಗೊತ್ತಾಗಲ್ಲ.”

ಅವನು ಕಂಬಿಯ ಆಚೆ ನೋಡಿದ. ಶೇಖವ್ವ ಜಗುಲಿಯಿಂದ ಬಾಗಿಲವರೆಗೆ ಬಂದು ನಿಂತಿದ್ದಳು. ಎಷ್ಟು ಕೇಳಿಸಿಕೊಂಡಿದ್ದಳೋ.

“ಮೇಡಂ, ಒಂದ ಕೇಳ್ಲೇನ್ರಿ? ಇದನ್ನ ಬರಕೊಂಡ್ರ ನನ್ನ ಬಿಡ್ತೀರೇನ್ರಿ?”

ಸುಳ್ಳು ಹೇಳಬಹುದಿತ್ತು. ಆ ಹೆಂಗಸು ಅಲ್ಲಿ ನಿಂತಿರದಿದ್ದರೆ ಹೇಳುತ್ತಿದ್ದೆನೋ ಏನೋ.

“ಇಲ್ಲ” ಎಂದೆ. “ಒಬ್ಬನನ್ನ ಕೊಲ್ಲೋಕೆ ಹೂಡಿದ ಸಂಚಿಗೆ ನೀನು ಕೈಯಾರೆ ಬಣ್ಣ ಹಚ್ಚಿದ್ದೀಯ. ಫೋನ್ ಮಾಡಿ ಎಚ್ಚರಿಸಿದ್ದು ಮುಂದೆ ಕೋರ್ಟಿನಲ್ಲಿ ನಿನಗೆ ಸಹಾಯ ಆಗಬಹುದು. ಆದ್ರೆ ಈಗ ಸೇರೋದು ಕೊಲೆ ಕೇಸಿಗೆ. ಜಾಮೀನು ಸುಲಭಕ್ಕೆ ಸಿಗಲ್ಲ.”

“ಮತ್ತ ಈಗ ಹಾಕಿರೂ ಕೇಸಿಗಿ?”

“ಅದಕ್ಕೆ... ಯಾರಾದ್ರೂ ಜಾಮೀನಿಗೆ ನಿಂತ್ರೆ ಬರಬಹುದು.”

ವೆಂಕಟರಮಣಪ್ಪ ಪೇಪರು ಪೆನ್ನು ಹಿಡಿದು ಬಂದ. ಹೊರಗೆ ಗಾಡಿಯವನು ಹಾರನ್ ಒತ್ತಿದ. ಬಸಲಿಂಗ ಹೆಂಡತಿಯ ಮುಖವನ್ನೇ ನೋಡುತ್ತಾ ಎದ್ದು, ಲುಂಗಿಯ ಧೂಳು ಕೊಡವಿಕೊಂಡ.

“ಹಂಗಾರ ನಾ ಏನೂ ಹೇಳಿಲ್ರಿ ಮೇಡಂ” ಎಂದ. “ಹಸರ ಗಿಸರ ನಂಗ ಗೊತ್ತಿಲ್ಲ. ವೆಲ್ಡಿಂಗ್ ನಾನs ಕೆಡಿಸಿದ್ದೆ. ನಡೀರಿ, ಗಾಡಿ ಕಾಯಾಕ್ಹತ್ತೈತಿ.”